ಮುದ್ದಯ್ಯನ ಕೈ, ಯಶೋದಮ್ಮನ ದಾಸವಾಳ

ಹಾರನಹಳ್ಳಿಯ ಮುದ್ದಯ್ಯ ಮೂವತ್ತೆಂಟು ವರ್ಷದಿಂದ ಹೊಗೆಸೊಪ್ಪು ಬೆಳೆಯುತ್ತಿದ್ದಾನೆ. ಹೊಗೆಸೊಪ್ಪಿನವರಿಗೆ ಹೂವೆಂದರೆ ಹಗೆ. ಗಿಡದ ತುದಿಯಲ್ಲಿ ಮೊಗ್ಗು ಕಂಡಿತೋ, ಚಿವುಟಿ ಎಸೆಯಬೇಕು. ಇಲ್ಲದಿದ್ದರೆ ಸಾರವೆಲ್ಲ ಹೂವಿಗೆ ಹೋಗಿ ಎಲೆ ತೆಳ್ಳಗಾಗುತ್ತದೆ, ಪಿರಿಯಾಪಟ್ಟಣದ ಹರಾಜಿನಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ಚಿವುಟುವುದರಲ್ಲಿ ಮುದ್ದಯ್ಯನನ್ನು ಮೀರಿಸುವವರು ಹೋಬಳಿಯಲ್ಲೇ ಇಲ್ಲ. ಮಿಕ್ಕ ಕೆಲಸಗಳ ಬಗ್ಗೆ ನಾನು ಅಷ್ಟು ಧೈರ್ಯವಾಗಿ ಹೇಳಲಾರೆ.

ಎರಡು ವರ್ಷದ ಹಿಂದೆ ಅವನ ಹೆಂಡತಿ ಯಶೋದಮ್ಮ ಬೇಗೂರಿನ ತಂಗಿಯ ಮನೆಯಿಂದ ಹಳದಿ ದಾಸವಾಳದ ಕಡ್ಡಿಯೊಂದನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು ಅಂಗಳದಲ್ಲಿ ನೆಟ್ಟಳು. ಅಲ್ಲಿ ಅದು ತಟ್ಟೆಯಗಲ ಹೂ ಬಿಡುತ್ತಿತ್ತು. ಇಲ್ಲಿ ಗಿಡ ಎದೆಮಟ್ಟ ಬೆಳೆಯಿತು, ಎಲೆ ಮಿರಮಿರ ಮಿಂಚಿತು, ಹೂ ಮಾತ್ರ ಒಂದೂ ಇಲ್ಲ. ಯಶೋದಮ್ಮ ಕೊಟ್ಟಿಗೆ ಗೊಬ್ಬರ ಹಾಕಿದಳು, ಒಣಕೊಂಬೆ ಕತ್ತರಿಸಿದಳು, ಹುಳುವಿಗೆ ಬೇವಿನೆಣ್ಣೆ ಹೊಡೆದಳು. ದೃಷ್ಟಿಗೆಂದು ಗಂಡನ ಹಳೇ ಚಪ್ಪಲಿಯನ್ನೂ ಕಟ್ಟಿದಳು. ಅದೇನೂ ಅಷ್ಟು ಹಳೆಯದಾಗಿರಲಿಲ್ಲ.

ಪಕ್ಕದ ಮನೆಯ ಜಯಲಕ್ಷ್ಮಮ್ಮ ಬೇಲಿಯಾಚೆಯಿಂದ, "ಅದು ಗಂಡು ಗಿಡ ಕಣಕ್ಕ. ನಿಮ್ಮೆಜಮಾನ್ರಂಗೆ ಬರೀ ಮೈ ಬೆಳಸ್ಕಂಡದೆ" ಎಂದಳು. ಯಶೋದಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ಗೌರಿ ಹಬ್ಬಕ್ಕೆ ಒಂದ್ ಊವಾದ್ರೂವೆ ಬುಡ್ದೆ ಓದ್ರೆ ಕಿತ್ತು ತಿಪ್ಪೆಗೆ ಎಸಿತೀನಿ" ಎಂದು ಆಣೆ ಇಟ್ಟಳು. ಹೇಳುವಾಗ ಕಣ್ಣಲ್ಲಿ ನೀರಿತ್ತು.

"ಇಂತಾ ಎಲೆ ಬುಟ್ಟಿರೋ ಗಿಡವ ಯಾರಾದ್ರೂ ಕೀಳ್ತಾರೇನೇ?" ಎಂದು ಮುದ್ದಯ್ಯ ನೊಂದುಕೊಂಡ.

ಹಬ್ಬಕ್ಕೆ ಇನ್ನೂ ತಿಂಗಳಿತ್ತು. ದಿನಾ ಬೆಳಗ್ಗೆ ಹಿತ್ತಿಲಲ್ಲಿ ಹಾಲು ಕರೆಯುತ್ತಿರುವ ಯಶೋದಮ್ಮ ಒಂದು ದಿನ ಆ ಹೊತ್ತಿಗೆ ಪೊರಕೆ ಹುಡುಕುತ್ತ ಮುಂಬಾಗಿಲಿಗೆ ಬಂದಳು. ಗಂಡ ಎಂದಿನಂತೆ ಬೇವಿನ ಕಡ್ಡಿ ಜಗಿಯುತ್ತ, ರಸ್ತೆ ನೋಡುತ್ತ, ಗಿಡದ ಪಕ್ಕ ನಿಂತಿದ್ದ. ಅವನ ಬಲಗೈ ತನ್ನ ಪಾಡಿಗೆ ಒಂದು ಕೊಂಬೆಯ ತುದಿಗೆ ಹೋಯಿತು. ಪಟ್. ಇನ್ನೊಂದಕ್ಕೆ ಹೋಯಿತು. ಪಟ್.

"ನಿಮ್ ಕೈ ಸೇದೋಗ!"

ಮುದ್ದಯ್ಯ ಬೆಚ್ಚಿಬಿದ್ದು ಅಂಗೈ ಬಿಡಿಸಿದ. ಕಡಲೆಗಾತ್ರದ ಎರಡು ಮೊಗ್ಗು. "ನಾನಲ್ಲ ಕಣೇ" ಎಂದ. ಪಾಪ, ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಮರುದಿನದಿಂದ ಅವನ ಹಲ್ಲುಜ್ಜುವ ಕಾರ್ಯಕ್ರಮ ಹಿತ್ತಿಲಿಗೆ ವರ್ಗವಾಯಿತು. ಅಂಗಳಕ್ಕೆ ಕಾಲಿಡಬೇಕಾದರೆ ಹೆಂಡತಿಯ ಅಪ್ಪಣೆ ಬೇಕಾಯಿತು.

ಹಬ್ಬದ ಬೆಳಗ್ಗೆ ಒಂದೇ ಒಂದು ಹೂ ಅರಳಿತು. ಪೂಜೆಗೆ ಕೀಳಲು ಬಂದ ಯಶೋದಮ್ಮ, ಗಿಡದ ಮುಂದೆ ಬಾಯಿ ಬಿಟ್ಟುಕೊಂಡು ನಿಂತ ಗಂಡನನ್ನು ಕಂಡಳು.

"ಇಷ್ಟ್ ವರ್ಸ ಊವ ಮುರಿದದ್ದೇ ಆಯ್ತು" ಎಂದ ಮುದ್ದಯ್ಯ. "ಅರಳಿದ್ದ ಒಂದ್ ದಿನಾನೂವೆ ನಿಂತ್ಕಂಡು ನೋಡಿರ್ನಿಲ್ಲ ಕಣೇ."

ಯಶೋದಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಗೌರಮ್ಮ ಸಂಜೆಗಂಟ ಕಾಯ್ತಳೆ, ನೋಡ್ಕಳಿ" ಎಂದಳು. "ಕೈಯ ಬೆನ್ನಿಂದೆ ಕಟ್ಕಂಡು ನೋಡ್ಕಳಿ."