ಹಂಗಿರಲಿ ಎಂಬ ಲೋಪಸಂಧಿ

ಮೂವತ್ತು ವರ್ಷ ಕನ್ನಡ ಪಂಡಿತನೆಂದು ಕರೆಸಿಕೊಂಡವನು ಈಗಲಾದರೂ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಒಂದು ಸಂಧಿಯನ್ನು ಹೆಚ್ಚುಕಡಿಮೆ ಒಂದು ವರ್ಷ ತಪ್ಪಾಗಿ ಬಿಡಿಸಿದೆ. ಅದೂ ಎಂಥ ಸಂಧಿ? ಎಂಟನೇ ತರಗತಿಯವರು ಆಕಳಿಸುತ್ತ ಬಿಡಿಸುವ ಲೋಪಸಂಧಿ. ಪರೀಕ್ಷೆಯಲ್ಲಿ ತಪ್ಪಿದ್ದರೆ ಒಂದು ಅಂಕ ಹೋಗುತ್ತಿತ್ತು, ಅಷ್ಟೆ. ನಾನು ತಪ್ಪಿದ್ದು ಪರೀಕ್ಷೆಯ ಹೊರಗೆ. ಹಾಗಾಗಿ ಒಂದು ವರ್ಷದ ನೆಮ್ಮದಿ ಹೋಯಿತು.

ನಾನು ಕರಾವಳಿಯವನು. ಮನೆಯಲ್ಲಿ ತುಳು, ಶಾಲೆಯಲ್ಲೂ ಚರ್ಚಿನಲ್ಲೂ ಪುಸ್ತಕದ ಕನ್ನಡ. ಕನ್ನಡದಲ್ಲಿ ಯಾರನ್ನಾದರೂ ಬೈಯಬೇಕಾಗಿ ಬಂದರೆ ವಿಭಕ್ತಿ ಪ್ರತ್ಯಯ ಸರಿಯಾಗಿದೆಯೇ ಎಂದು ನೋಡಿಕೊಂಡು ಬೈಯುವ ಜನ ನಾವು. ಅಂಥವನಿಗೆ ಎಪ್ಪತ್ತರ ದಶಕದ ಕೊನೆಗೆ ಕೊಟ್ಟೂರಿನ ಒಂದು ಪ್ರೌಢಶಾಲೆಯಲ್ಲಿ ಕೆಲಸ ಸಿಕ್ಕಿತು. ವಯಸ್ಸು ಇಪ್ಪತ್ತಾರು, ಆಸ್ತಿ ಒಂದು ಟ್ರಂಕು ಮತ್ತು ಒಂದು ಸೈಕಲ್ಲು. ಮೊದಲ ದಿನ ಶಾಲೆಯ ಜವಾನ, “ಹೆಡ್‌ಮಾಸ್ತರು ಅದಾರ್ರಿ, ಒಳಗ ಹೋಗ್ರಿ” ಎಂದ. ಇದ್ದಾರೆ ಎಂದದ್ದು ತಿಳಿಯದೆ, ಯಾರಿಗೆ ಆಧಾರ ಎಂದು ಕೇಳಿಬಿಟ್ಟೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಂದವನು ಕನ್ನಡ ಮೇಷ್ಟ್ರು ಹೌದೋ ಅಲ್ಲವೋ ಎಂದು ಇನ್ನೊಮ್ಮೆ ಆರ್ಡರು ಕೇಳಿ ನೋಡಿದ.

ಈಗ ‘ಹಂಗು’ ಎಂಬ ಪದದ ವಿಷಯ. ಚಿಕ್ಕಂದಿನಿಂದಲೂ ಆ ಪದ ಕಂಡರೆ ನನಗೆ ಒಂಥರಾ ಭಯಭಕ್ತಿ. ಉಪಕಾರ ಬೇರೆ, ಅದಕ್ಕೊಂದು ನಮಸ್ಕಾರ ಹೇಳಿದರೆ ಮುಗಿಯಿತು. ಹಂಗು ಹಾಗೆ ಮುಗಿಯುವಂಥದ್ದಲ್ಲ. ಅದು ಕೊಟ್ಟವನ ಕಣ್ಣಿನಲ್ಲಿ ಮನೆ ಮಾಡಿಕೊಂಡು, ನೀವು ಬೀದಿಯಲ್ಲಿ ಎದುರಾದಾಗಲೆಲ್ಲ ಕಿಟಕಿ ತೆರೆದು ನೋಡುತ್ತದೆ. ನಮ್ಮ ಹಿಂದಿನ ಶರಣರೂ ಸಂತರೂ ಪರರ ಹಂಗು ಎಂದರೆ ಮಾರು ದೂರ ನಿಂತವರು. ನಾನೂ ಅವರ ಹಾದಿಯಲ್ಲೇ ನಡೆಯುತ್ತಿದ್ದೇನೆ ಎಂದುಕೊಂಡಿದ್ದೆ. ಅವರದು ವೈರಾಗ್ಯ, ನನ್ನದು ಜಂಬ ಎನ್ನುವುದು ಆ ವಯಸ್ಸಿನಲ್ಲಿ ಗೊತ್ತಾಗಲಿಲ್ಲ.

ನಾನಿದ್ದ ಕೋಣೆಯ ಒಡತಿ ಕೊಟ್ರಮ್ಮ. ಗಂಡ ಹೆಂಡತಿ ಇಬ್ಬರೂ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು. ನಾನು ಬಂದ ಮರುದಿನವೇ ಆಕೆ ಒಂದು ತಟ್ಟೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದರು. ನಾನು ಸಂಜೆಯೇ ಆ ತಟ್ಟೆಯ ತುಂಬ ಬಾಳೆಹಣ್ಣು ಇಟ್ಟು ವಾಪಸು ಮಾಡಿದೆ. ಆಕೆ ಒಗ್ಗರಣೆ ಹಾಕಿದ ಮಂಡಕ್ಕಿ ಕಳಿಸಿದರು. ನಾನು ಬಿಸ್ಕೆಟ್ಟು ಕಳಿಸಿದೆ. ಆಕೆಯ ಹೋಳಿಗೆಗೆ ನನ್ನ ಪೇರಲ, ಆಕೆಯ ಉಪ್ಪಿನಕಾಯಿಗೆ ನನ್ನ ಬೆಲ್ಲ. ಹದಿನೈದು ದಿನ ಹೀಗೆ ತಟ್ಟೆ ಓಡಾಡಿದ ಮೇಲೆ ಕೊಟ್ರಮ್ಮ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತರು.

“ಇದೇನ್ರಿ ಮೇಷ್ಟ್ರ, ನಾ ಏನು ಅಂಗಡಿ ಇಟ್ಟೀನೇನು? ಸಾಕು ಮಾಡ್ರಿ. ಹಂಗಿರ್ಲಿ ಬಿಡ್ರಿ!”

ನನ್ನೊಳಗಿನ ಪಂಡಿತ ತಕ್ಷಣ ಪದ ಬಿಡಿಸಿದ. ಹಂಗು ಅಧಿಕ ಇರಲಿ, ಉಕಾರ ಲೋಪ, ಹಂಗಿರಲಿ. ಅಂದರೆ, ನನ್ನ ಹಂಗು ನಿನ್ನ ಮೇಲೆ ಇರಲಿ! ಹೀಗೆ ಬಾಯಿಬಿಟ್ಟು ಹೇಳುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ಕೊನೆಯ ‘ಬಿಡ್ರಿ’ ಈ ಅರ್ಥಕ್ಕೆ ಸ್ವಲ್ಪ ಅಡ್ಡ ಬಂತು. ಅದು ಈ ಕಡೆಯವರ ಮಾತಿನ ಒಗ್ಗರಣೆ ಇರಬೇಕು ಎಂದು ತಳ್ಳಿಹಾಕಿದೆ. ಆಮೇಲೆ ನೋಡಿದರೆ ಊರಿಗೆ ಊರೇ ಇದನ್ನು ಹೇಳುತ್ತಿತ್ತು. ಗುಂಡಿ ಹೊಲಿದುಕೊಟ್ಟ ದರ್ಜಿ, ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟ ಅಜ್ಜ, ನೀರಿಗೆ ಚೆಂಬು ಕೊಟ್ಟ ಹೋಟೆಲಿನವನು, ಎಲ್ಲರದೂ ಹಂಗಿರ್ಲಿ. ಇಷ್ಟು ಪ್ರಾಮಾಣಿಕವಾಗಿ ಹಂಗು ಹೊರಿಸುವ ಜನ ಭೂಮಿಯ ಮೇಲೆ ಇನ್ನೆಲ್ಲೂ ಇರಲಾರರು ಎಂದುಕೊಂಡು ಮತ್ತಷ್ಟು ಹುಷಾರಾದೆ.

ಮನುಷ್ಯರ ಹತ್ತಿರ ಹೀಗಿದ್ದವನು ದೇವರ ಹತ್ತಿರ ಬೇರೆ ಥರ ಇರುತ್ತಾನೆಯೇ? ಕ್ರೈಸ್ತರಾದ ನಮಗೆ ‘ಕೃಪೆ’ ಹೊಸ ಮಾತಲ್ಲ. ಸಾರಿಗೆ ಉಪ್ಪು ಬಿದ್ದಂತೆ ಪ್ರತಿ ಪ್ರಾರ್ಥನೆಗೂ ಅದು ಬೀಳಲೇಬೇಕು. ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಯೋಗ್ಯತೆಯಿಂದಲ್ಲ, ಅವನ ಕೃಪೆಯಿಂದ, ಪುಕ್ಕಟೆಯಾಗಿ, ಎಂದು ತೊಟ್ಟಿಲಲ್ಲೇ ಕೇಳಿದ್ದೆ. ಕೃಪೆ ತತ್ಸಮವೋ ತದ್ಭವವೋ ಎಂದು ಕೇಳಿದ್ದರೆ ಪಟ್ಟನೆ ಹೇಳುತ್ತಿದ್ದೆ. ಅದರಲ್ಲಿ ಬದುಕುವುದು ಹೇಗೆ ಎಂದಿದ್ದರೆ ತಬ್ಬಿಬ್ಬು. ಪುಕ್ಕಟೆ ಕೊಟ್ಟಿದ್ದಾನೆ, ಸರಿ. ಹಾಗಂತ ಸುಮ್ಮನೆ ತೆಗೆದುಕೊಂಡು ಕೂರುವುದಕ್ಕಾಗುತ್ತದೆಯೇ? ತಟ್ಟೆ ಖಾಲಿ ಕಳಿಸಬಾರದಲ್ಲ! ಹಾಗಾಗಿ ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ಧರ್ಮಗ್ರಂಥದ ನಾಲ್ಕು ಅಧ್ಯಾಯ ಓದುವುದು, ಶುಕ್ರವಾರ ಉಪವಾಸ. ಶುಕ್ರವಾರ ನನ್ನ ತರಗತಿಯಲ್ಲಿ ಕುಳಿತ ಮಕ್ಕಳಿಗೆ ಆ ಉಪವಾಸದ ಫಲ ನನಗಿಂತ ಹೆಚ್ಚು ಗೊತ್ತು.

ಅದೇ ನನ್ನ ದೊಡ್ಡ ರೋಗ, ಸಿಟ್ಟು. ಕೊಟ್ಟೂರಿಗೆ ಬಂದ ಕೆಲವು ತಿಂಗಳಿಗೇ ಒಂದು ಶಪಥ ಮಾಡಿದೆ. ಮೂವತ್ತು ದಿನ ಒಂದೇ ಸಮನೆ ಸಿಟ್ಟಾಗದೆ ಇರುವವರೆಗೆ ಪ್ರಭು ಭೋಜನ ಮುಟ್ಟುವುದಿಲ್ಲ ಎಂದು. ಪ್ರಭು ಭೋಜನವೆಂದರೆ ನಮ್ಮ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ರೊಟ್ಟಿ ಮುರಿದು, ದ್ರಾಕ್ಷಾರಸದೊಂದಿಗೆ ಎಲ್ಲರಿಗೂ ಹಂಚುವುದು. ಕರ್ತನು ನಮಗಾಗಿ ಕೊಟ್ಟ ಪ್ರಾಣದ ನೆನಪಿಗೆ ಕೂತು ಉಣ್ಣುವ ತುತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಶಾಂತವಾಗಿದ್ದ ದಿನಗಳಿಗೆ ಗೀಟು ಹಾಕುತ್ತಿದ್ದೆ. ಒಂಬತ್ತು ಗೀಟು, ಹನ್ನೊಂದು ಗೀಟು, ಆಮೇಲೆ ಯಾರೋ ‘ಹಾರ್ದಿಕ’ವನ್ನು ‘ಆರ್ಧಿಕ’ ಎಂದು ಬರೆಯುತ್ತಿದ್ದರು, ಮತ್ತೆ ಮೊದಲಿನಿಂದ. ಹೀಗೆ ಎಂಟು ತಿಂಗಳು, ರೊಟ್ಟಿಯ ತಟ್ಟೆ ನನ್ನ ಮುಂದೆ ಬಂದಾಗಲೆಲ್ಲ ತಲೆಯಲ್ಲಾಡಿಸಿ ಮುಂದಕ್ಕೆ ಕಳಿಸುತ್ತಿದ್ದೆ. ಎಲ್ಲರೂ ಉಣ್ಣುವಾಗ ಒಬ್ಬನೇ ಪಡಸಾಲೆಯ ಮೂಲೆ ನೋಡುತ್ತ ಕೂರುವುದು ಬಹಳ ಕಷ್ಟ. ಅಳು ಬರುತ್ತಿತ್ತು. ನನ್ನನ್ನು ಊಟಕ್ಕೆ ಬೇಡ ಎಂದವನು ನಾನೇ ಆದ್ದರಿಂದ ಯಾರ ಮೇಲೂ ದೂರು ಹೇಳುವಂತಿರಲಿಲ್ಲ.

ಆ ಸಭೆ ಸೇರುತ್ತಿದ್ದದ್ದು ಹಗರಿಬೊಮ್ಮನಹಳ್ಳಿಯ ಒಂದು ಮನೆಯಲ್ಲಿ. ಕೂಡ್ಲಿಗಿಯಿಂದ ಒಬ್ಬ ನರ್ಸಮ್ಮ, ಹಡಗಲಿಯಿಂದ ಒಬ್ಬ ಬಡಗಿ, ಹರಪನಹಳ್ಳಿಯ ಒಂದು ಸಂಸಾರ, ಹೀಗೆ ಕೂಡಿಸಿದರೆ ಒಂದು ಜಮಖಾನೆ ತುಂಬುವಷ್ಟು ಜನ. ದಾನಿಯೇಲಪ್ಪ ಎಂಬ ವಯಸ್ಸಾದ ಸಭಾಪಾಲಕರು ಬಂದು ಆರಾಧನೆ ನಡೆಸುತ್ತಿದ್ದರು. ಕೊಟ್ಟೂರಿನಿಂದ ಅಲ್ಲಿಗೆ ಬಸ್ಸಿತ್ತು. ಆದರೆ ಸೀಟಿಗೆ ಒರಗಿಕೊಂಡು ಹೋದರೆ ಅದೆಂಥ ಭಕ್ತಿ? ನಾನು ಹದಿನಾರು ಹದಿನೇಳು ಮೈಲಿ ಅಡ್ಡಗಾಳಿಯಲ್ಲಿ ಸೈಕಲ್ ತುಳಿದು, ಬೆವರಿ, ಏದುಸಿರು ಬಿಡುತ್ತ ದೇವರ ಸನ್ನಿಧಿಗೆ ಬರುತ್ತಿದ್ದೆ. ಪಾಲಕರ ಬೋಧನೆ ಶುರುವಾಗುತ್ತಲೇ ನಿದ್ದೆ ಹೋಗುತ್ತಿದ್ದೆ.

ಅಂತೂ ಒಂದು ತಿಂಗಳು ಪವಾಡ ನಡೆಯಿತು. ಶನಿವಾರಕ್ಕೆ ಇಪ್ಪತ್ತೊಂಬತ್ತು ಗೀಟು. ಅರ್ಧ ತಿಂಗಳು ದಸರಾ ರಜೆಯಿತ್ತು ಎನ್ನುವುದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಮರುದಿನ ಮೂವತ್ತನೆಯದು, ಅದೇ ಮೊದಲ ಭಾನುವಾರ. ಸೈಕಲ್ಲಿನ ಹಿಂದಿನ ಗಾಲಿ ಕಿರಗುಡುತ್ತಿತ್ತೆಂದು ಬಸ್‌ಸ್ಟ್ಯಾಂಡಿನ ಬಳಿಯ ಖಾದರ್ ಸಾಬರ ಅಂಗಡಿಗೆ ಒಯ್ದೆ. ಸೈಕಲ್ಲು, ಮೋಟರ್ ಸೈಕಲ್ಲು ಎರಡನ್ನೂ ರಿಪೇರಿ ಮಾಡುವ ಅವರು ಒಂದು ಗಂಟೆ ಕೂತು ಗಾಲಿ ಬಿಚ್ಚಿ, ತೊಳೆದು, ಗ್ರೀಸು ತುಂಬಿ ಕೊಟ್ಟರು. ಜೇಬಿಗೆ ಕೈ ಹಾಕಿದರೆ, “ನಮ್ಮ ಹುಡುಗೀಗೆ ಅಕ್ಷರ ಕಲಿಸೀರಿ. ಹಂಗಿರ್ಲಿ ಬಿಡ್ರಿ ಸರ” ಎಂದರು.

ಇವರೂ ಶುರು ಮಾಡಿದರಲ್ಲ! ಸಂಜೆ ಮನೆಗೆ ಬಂದರೂ ಸಮಾಧಾನವಿಲ್ಲ. ಕೊನೆಗೆ ನನ್ನ ಪಾಲಿನದೂ ಏನಾದರೂ ಇರಲಿ ಎಂದು ಪಕ್ಕದ ಮನೆಯಿಂದ ಸ್ಪ್ಯಾನರು ತಂದು, ಅವರು ಕೂಡಿಸಿದ ಹಿಂದಿನ ಗಾಲಿಯ ಇರುಸನ್ನು ಎರಡೂ ಕಡೆಯಿಂದ ನನ್ನ ಕೈಲಾದಷ್ಟು ಬಿಗಿದೆ. ಹಂಗು ಅರ್ಧ ಇಳಿದಂತಾಯಿತು.

ಭಾನುವಾರ ಮೂರು ಮೈಲಿ ಹೋಗುವಷ್ಟರಲ್ಲಿ ಗಾಲಿ ಕಟಕಟ ಅಂದು ಕಚ್ಚಿಕೊಂಡು ನಿಂತಿತು. ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ಹಿಂದಿನ ಗಾಲಿ ಎತ್ತಿ ಹಿಡಿದು ಮೂರು ಮೈಲಿ ವಾಪಸು ನಡೆದೆ. ಅಂಗಡಿ ಮುಟ್ಟುವಷ್ಟರಲ್ಲಿ ಇಪ್ಪತ್ತೊಂಬತ್ತು ದಿನ ಕೂಡಿಟ್ಟ ಸಿಟ್ಟು ಬಡ್ಡಿ ಸಮೇತ ಸಿದ್ಧವಾಗಿತ್ತು. ಅಲ್ಲಿ ಚಹಾ ಕುಡಿಯುತ್ತ ನಿಂತ ನಾಲ್ಕು ಜನರ ಎದುರಿಗೆ ಖಾದರ್ ಸಾಬರ ಮೇಲೆ ಹರಿಹಾಯ್ದೆ. “ದುಡ್ಡು ತೆಗೆದುಕೊಂಡಿದ್ದರೆ ನೆಟ್ಟಗೆ ಮಾಡುತ್ತಿದ್ದಿರಿ! ನಿಮ್ಮ ಹಂಗು ನನಗೆ ಬೇಡವೇ ಬೇಡ!” ಎಂದು ಕೂಗಿದೆ. ವ್ಯಾಕರಣ ಮಾತ್ರ ಸರಿಯಾಗಿತ್ತು.

ಸಾಬರು ಗಾಲಿ ಬಿಚ್ಚಿದರು. ಇರುಸಿನ ಸುತ್ತ ಉರುಳುವ ಉಕ್ಕಿನ ಗುಂಡುಗಳು ಪುಡಿಯಾಗಿದ್ದವು, ಅವನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು.

“ಇದನ್ನ ಯಾರು ಬಿಗಿ ಮಾಡ್ಯಾರ ಸರ?”

“ನಾನೇ” ಎಂದೆ.

“ಒಂದೀಟು ಸಡ್ಲ ಬಿಟ್ಟಿರತೀವ್ರಿ. ಹಿಂಗ ಹಿಚುಕಿ ಹಿಡದ್ರ ಗಾಲಿ ಹೆಂಗ ತಿರುಗಬೇಕು?” ಎಂದು ಹೊಸ ಗುಂಡು ಹುಡುಕತೊಡಗಿದರು. ಆಮೇಲೆ ತಲೆಯೆತ್ತಿ ಕೇಳಿದರು. “ಅಲ್ಲ ಸರ, ಹಂಗು ಬ್ಯಾಡ ಹಂಗು ಬ್ಯಾಡ ಅಂದ್ರಿ. ಹಂಗು ಅಂದ್ರೇನ್ರಿ?”

ಆ ಸ್ಥಿತಿಯಲ್ಲೂ ನಾನು ಪಾಠ ಮಾಡಿದೆ. ಹಂಗು ಎಂದರೆ ಇಂಥದ್ದು, ನೀವೇ ನಿನ್ನೆ ಅದು ಇರಲಿ ಎಂದಿರಲ್ಲ ಎಂದೆ. ಖಾದರ್ ಸಾಬರು ಕೈಯಲ್ಲಿದ್ದ ಗುಂಡೆಲ್ಲ ನೆಲಕ್ಕೆ ಚೆಲ್ಲುವಂತೆ ನಕ್ಕರು.

“ಯಾ ಅಲ್ಲಾ! ಹಂಗ ಅಂದ್ರ ಹಂಗ ರೀ ಸರ! ಸುಮ್ನ! ನಾ ಮಾಡೀನಿ, ಅದು ಹಂಗ ಇರ್ಲಿ, ನೀವೇನೂ ಮಾಡೂದು ಬ್ಯಾಡ ಅಂತ!”

ಹಂಗ ಅಧಿಕ ಇರಲಿ. ಅಕಾರ ಲೋಪ, ಹಂಗಿರಲಿ. ಎರಡೂ ಲೋಪಸಂಧಿಯೇ, ಕಳೆದುಹೋದ ಅಕ್ಷರದ ಜಾಗದಲ್ಲಿ ನಾವು ಯಾವುದನ್ನು ಇಟ್ಟು ಓದುತ್ತೇವೆ ಎನ್ನುವುದಷ್ಟೇ ವ್ಯತ್ಯಾಸ. ನಾನು ಉಕಾರ ಇಟ್ಟು ಓದಿ ಇಡೀ ಊರನ್ನು ಸಾಲಗಾರರ ಎದುರು ಕೂತ ಸಾಹುಕಾರರನ್ನಾಗಿ ಮಾಡಿದ್ದೆ. ಚಹಾ ಕುಡಿಯುವವರು ಬಿದ್ದು ಬಿದ್ದು ನಗುತ್ತಿದ್ದರು. ನನಗೂ ನಗು ಬಂತು, ಜೊತೆಗೆ ನಾಚಿಕೆ. ನನ್ನ ಬೈಗುಳವನ್ನು ಸಾಬರು ಆಗಲೇ ಮರೆತಿದ್ದರು. ಕ್ಷಮಿಸಿ ಎಂದರೆ ಏನಕ್ಕೆ ಎಂದು ಕೇಳಿದರು.

ಹೊಸ ಗುಂಡು ಸಿಗಲಿಲ್ಲ. ಯಾರದೋ ಮೋಟರ್ ಸೈಕಲ್ ರಿಪೇರಿಯಾಗಿ ನಿಂತಿತ್ತು. “ಇದರ ಟ್ರಯಲ್ ನೋಡೂದೈತಿ, ಹತ್ತ್ರಿ, ನಿಮ್ಮ ಪ್ರಾರ್ಥನಾಕ್ಕ ಬಿಟ್ಟು ಬರ್ತೀನಿ” ಎಂದರು. ಹತ್ತಿದೆ. ಬದಲಿಗೆ ಕೊಡುವುದಕ್ಕೆ ಕೈಯಲ್ಲಿ ಒಂದು ಬಾಳೆಹಣ್ಣೂ ಇರಲಿಲ್ಲ. ಏರು ಬಂದಾಗ ಅಭ್ಯಾಸಬಲದಿಂದ ಮುಂದಕ್ಕೆ ಬಾಗಿ, ಹಲ್ಲು ಕಚ್ಚಿ, ಅವರ ಬೆನ್ನು ನೂಕತೊಡಗಿದೆ. “ನೀವ್ಯಾಕ ತಿಣುಕತೀರಿ ಸರ, ಇಂಜಿನ್ ಐತಲ್ಲ!” ಎಂದು ಅವರು ಗಾಳಿಯಲ್ಲಿ ಕೂಗಿದರು. ಆಮೇಲೆ ಸುಮ್ಮನೆ ಕೂತು ರಸ್ತೆಬದಿಯ ಹೊಲ ನೋಡಿದೆ. ಅಷ್ಟು ಭಾನುವಾರ ಆ ಹಾದಿಯಲ್ಲಿ ಹೋಗಿದ್ದರೂ ಅಲ್ಲಿ ಸೂರ್ಯಕಾಂತಿ ಹಾಕಿದ್ದು ನನಗೆ ಗೊತ್ತೇ ಇರಲಿಲ್ಲ.

ಆ ದಿನದಿಂದ ನನ್ನ ಸಿಟ್ಟು ಹೋಯಿತೇ ಎಂದು ನೀವು ಕೇಳಬಹುದು. ನನ್ನ ಹೆಂಡತಿಯನ್ನು ಕೇಳದಿದ್ದರೆ ಉಪಕಾರ. ಕಡಿಮೆಯಾಗಿದೆ, ನಿಜ, ಕ್ಯಾಲೆಂಡರಿಗೆ ಗೀಟು ಹಾಕುವುದು ಬಿಟ್ಟ ಮೇಲೆ ಕಡಿಮೆಯಾಯಿತು. ಬೆಳಿಗ್ಗೆ ಈಗಲೂ ಬೇಗ ಏಳುತ್ತೇನೆ. ಆದರೆ ತಟ್ಟೆ ತುಂಬಿಸಿ ವಾಪಸು ಮಾಡಬೇಕಲ್ಲ ಎಂಬ ಗಡಿಬಿಡಿಯಿಂದಲ್ಲ, ಆ ಹೊತ್ತು ಚೆನ್ನಾಗಿರುತ್ತದೆಂದು.

ಅಂದು ನಾನು ಒಳಗೆ ಹೋದಾಗ ಹಾಡು ಮುಗಿದು ರೊಟ್ಟಿಯ ತಟ್ಟೆ ಹೊರಟಿತ್ತು. ಸಾಬರು ಹೊರಗಿನ ಕಟ್ಟೆಯ ಮೇಲೆ ಕೂತರು. ನಾನು ಜಮಖಾನೆಯ ಅಂಚಿನಲ್ಲಿ ಕೂತೆ. ನರ್ಸಮ್ಮ ತೆಗೆದುಕೊಂಡರು, ಬಡಗಿ ತೆಗೆದುಕೊಂಡ. ತಟ್ಟೆ ಹಿಡಿದ ದಾನಿಯೇಲಪ್ಪನವರು ನನ್ನ ಮುಂದೆ ಬಂದು, ಎಂಟು ತಿಂಗಳ ರೂಢಿಯಂತೆ ಒಂದು ಕ್ಷಣ ನಿಂತು ದಾಟಿ ಹೋಗುವುದರಲ್ಲಿದ್ದರು. ನನ್ನ ಕೈ ತಾನಾಗಿ ಮೇಲೆದ್ದಿತು. ಎದ್ದ ಮೇಲೆ ಕಣ್ಣಿಗೆ ಬಿತ್ತು, ಬೆರಳುಗಳಿಗೆಲ್ಲ ಗಾಲಿಯ ಕಪ್ಪು ಗ್ರೀಸು. ಮುಂಜಾನೆಯ ಕೂಗಾಟವೂ ನೆನಪಾಯಿತು.

“ಅಯ್ಯೋ, ಬೆಳಿಗ್ಗೆ ಜಗಳವಾಡಿ ಬಂದಿದ್ದೇನೆ. ಕೈ ಬೇರೆ ಹೊಲಸು. ತೊಳೆದುಕೊಂಡು ಬರಲೇ?” ಎಂದು ಪಿಸುಗುಟ್ಟಿದೆ.

ಮುದುಕರು ನನ್ನ ಕೈಯನ್ನೂ ಮುಖವನ್ನೂ ನೋಡಿ, ತಟ್ಟೆಯನ್ನು ಇನ್ನಷ್ಟು ಹತ್ತಿರ ತಂದರು.

“ಮೊದಲು ಉಣ್ರಿ ಮೇಷ್ಟ್ರ. ಕೈ ತೊಳಕೊಳ್ಳೂದು ಉಂಡಮ್ಯಾಲ.”