ಕಡವೆಯ ಹೆಜ್ಜೆ, ಗೌಡರ ಖೋಲಿ

ಹೊಸ ಊರಿನಲ್ಲಿ ನನ್ನ ಮನೆಯ ಮಾಲೀಕರು ಮೊದಲು ತೋರಿಸಿದ್ದು ನೀರು ತರುವ ಬಾವಿಯನ್ನಲ್ಲ, ಸತ್ತ ಪ್ರಾಣಿಯೊಂದರ ತಲೆಯನ್ನು. ಅದನ್ನು ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದರು. ಗಾಜಿನ ಕಣ್ಣುಗಳಲ್ಲಿ ಒಂದು ಕಳಚಿ ಬಿದ್ದು, ಆ ತೂತಿನಲ್ಲಿ ಜೇಡ ಬಲೆ ಕಟ್ಟಿತ್ತು. ಕೊಂಬುಗಳ ಮೇಲೆ ಒಗೆದ ಧೋತರ ಒಣಗುತ್ತಿತ್ತು.

"ಕಡವಿ," ಎಂದರು ಶಂಕರಗೌಡರು, ತಾವೇ ಹೆತ್ತವರಂತೆ. "ನಾನ ಹೊಡದದ್ದು. ನಿಮ್ಮ ಕಡೆ ಇಂಥಾವು ಎಲ್ಲಿರತಾವು? ನಿಮ್ಮಲ್ಲಿ ಬರೇ ಮಣ್ಣು."

ನಮ್ಮ ಕಡೆ ಬರೀ ಮಣ್ಣು ಎಂಬುದು ಸುಳ್ಳಲ್ಲ. ನಾನು ನವಲಗುಂದ ತಾಲ್ಲೂಕಿನವನು, ಯಮನೂರಿನ ಬಾಜೂಕಿನ ಹಳ್ಳಿಯವನು. ಎಂಬತ್ತರ ದಶಕದ ಆರಂಭದಲ್ಲಿ ದನದ ಆಸ್ಪತ್ರೆಯ ಕಂಪೌಂಡರ್ ಆಗಿ, ಕಲಘಟಗಿಯಿಂದ ಆಚೆ ಕಾಡಂಚಿನ ಈ ಊರಿಗೆ ಬಂದೆ. ಎರಡೂ ಒಂದೇ ಜಿಲ್ಲೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದರೆ ಊಟದ ಹೊತ್ತಿಗೆ ಬಂದು ಮುಟ್ಟಬಹುದು. ಆದರೂ ನಮ್ಮ ಹಳ್ಳಿಗೆ ಬಂದಾಗಲೆಲ್ಲ ಊರವರಾದ ನೀವು ನನ್ನನ್ನು ವಿಲಾಯತಿಯಿಂದ ಇಳಿದವನಂತೆ ಕಟ್ಟೆಯ ಮೇಲೆ ಕೂರಿಸಿಕೊಂಡು "ಹುಲಿ ಕಂಡಿಯೇನೋ?" ಎಂದು ಕೇಳುತ್ತೀರಿ. ಹುಲಿ ಕಂಡಿಲ್ಲ. ಕಂಡದ್ದನ್ನು ಪೂರಾ ಕೇಳುವ ತಾಳ್ಮೆ ನಿಮಗಿಲ್ಲದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಮನೆಯ ವಿಷಯ. ನಮ್ಮ ಕಡೆ ಜಾತಿಯನ್ನು ಮುಖಕ್ಕೆ ಹೊಡೆದಂತೆ ಕೇಳುತ್ತಾರೆ. ಇಲ್ಲಿಯವರು ನಯವಂತರು. ಯಾವ ಓಣಿ, ಮನೆದೇವರು ಯಾರು, ಅಡ್ಡಹೆಸರು ಏನು ಎಂದು ಸುತ್ತು ಹೊಡೆದು ಅಲ್ಲಿಗೇ ಬರುತ್ತಾರೆ. ನಾವು ಬೌದ್ಧರು ಎಂದು ನಾನು ಮೊದಲೇ ಹೇಳಿಬಿಡುತ್ತಿದ್ದೆ. "ಅದು ಸರಿ ಬಿಡ್ರಿ, ಅದಕ್ಕಿಂತ ಮೊದಲ?" ಎನ್ನುವರು. ಅದನ್ನೂ ಹೇಳಿದರೆ, ಖಾಲಿ ಇದ್ದ ಖೋಲಿಗೆ ಆ ಕ್ಷಣವೇ ಯಾರೋ ಅಳಿಯನೋ ತಮ್ಮನೋ ಬರುವವನಿರುತ್ತಿದ್ದ. ಶಂಕರಗೌಡರು ಮಾತ್ರ, ಎಲ್ಲ ಕೇಳಿದ ಮೇಲೆ, ಮುಖ ಅರಳಿಸಿ ತಮ್ಮ ದನದ ಕೊಟ್ಟಿಗೆಯ ತುದಿಯ ಖೋಲಿ ಕೊಟ್ಟರು. ಬಾಡಿಗೆಯನ್ನೂ ಎಳೆದಾಡಲಿಲ್ಲ. ಇವರು ಹೊಸ ಕಾಲದ ಮನುಷ್ಯ ಎಂದುಕೊಂಡೆ. ಹಾಗೆ ಅಂದುಕೊಂಡ ನನ್ನ ಬುದ್ಧಿಯನ್ನು ಈಗ ನೆನೆದರೆ ಗೋಡೆಯ ಮೇಲಿನ ಆ ಒಕ್ಕಣ್ಣಿನ ತಲೆಯೇ ವಾಸಿ ಎನ್ನಿಸುತ್ತದೆ.

ಊಟವೆಂದರೆ ಮೂರು ಹೊತ್ತೂ ಅನ್ನ. ಖಾನಾವಳಿಯಲ್ಲಿ ಜೋಳದ ರೊಟ್ಟಿ ಕೇಳಿದರೆ ಮೈಯಲ್ಲಿ ಹುಷಾರಿಲ್ಲವೇ ಎಂಬಂತೆ ನೋಡುತ್ತಿದ್ದರು. ಮಾತು ನಮ್ಮದೇ ಕನ್ನಡ. ಆದರೆ ನಾನು ಬಾಯಿ ತೆರೆದರೆ "ಯರಿಸೀಮಿ ಮಂದಿ" ಎಂದು ತಮ್ಮೊಳಗೇ ನಗುವರು. ಯರಿ ಎಂದರೆ ನಮ್ಮ ಕಪ್ಪು ಮಣ್ಣು. ಇವರ ಬಾಯಲ್ಲಿ ಅದು ಬೈಗುಳ. ಮಳೆ ಬಂದರೆ ಕಾಲಿಗೆ ಅಂಟಿಕೊಂಡು ಬಿಡದಂಥ ಮಣ್ಣಿನವರು ನಾವು, ಹಾಗೇ ಮನುಷ್ಯರಿಗೂ ಅಂಟಿಕೊಳ್ಳುತ್ತೇವಂತೆ.

ಎಲ್ಲಕ್ಕಿಂತ ಅಸಹ್ಯವಾದದ್ದು ಕಾಡು. ನಮ್ಮಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ಕಡಲೆಯ ಹೊಲದಲ್ಲಿ ಚಿಗರಿ ಜಿಂಕೆಯ ಹಿಂಡು ನಿಂತರೆ ಹರದಾರಿ ದೂರದಿಂದ ಕಾಣುತ್ತದೆ. ಯಾರ ಎತ್ತು ಯಾರ ಬದು ದಾಟಿತೆಂದು ಮನೆಯ ಮಾಳಿಗೆಯ ಮೇಲಿಂದ ಹೇಳಬಹುದು. ಇಲ್ಲಿ ಮರದ ಹಿಂದೆ ಮರ, ಅದರ ಹಿಂದೆ ಇನ್ನೊಂದು. ಕಡವೆ ಹತ್ತು ಮಾರು ದೂರದಲ್ಲಿ ನಿಂತು ನಿಮ್ಮನ್ನು ನೋಡುತ್ತಿದ್ದರೂ ನಿಮಗೆ ತೊಗಟೆಯೇ ಕಾಣುತ್ತದೆ. ಎದುರಿಗೆ ಬಂದು ನಿಲ್ಲುವ ಧೈರ್ಯವಿಲ್ಲದ ಊರು ಎಂದುಕೊಂಡೆ.

ಆದರೆ ಸಂಜೆ ಆಸ್ಪತ್ರೆ ಮುಚ್ಚಿದ ಮೇಲೆ ಮಾಡುವುದೇನು? ಯಾರೂ ಕಟ್ಟೆಗೆ ಕರೆಯುತ್ತಿರಲಿಲ್ಲ. ಹೊತ್ತು ಮುಳುಗುವ ಮುನ್ನ ಕಾಡಿನೊಳಗೆ ಒಂದು ಸುತ್ತು ಹೋಗಿ ಬರತೊಡಗಿದೆ. ಪ್ರಾಣಿ ಕಾಣದಿದ್ದರೂ ಅದು ಬಿಟ್ಟುಹೋದದ್ದು ಕಾಣುತ್ತಿತ್ತು. ಗೊರಸು, ಸಗಣಿ, ಮೇವು ಇವೇ ನನ್ನ ನೌಕರಿ. ಆದ್ದರಿಂದ ನೋಡುವ ಚಟ ಹತ್ತಿತು.

ಇದು ಗೌಡರಿಗೆ ಗೊತ್ತಾಗಿ, ಭಾನುವಾರ ಮುಂಜಾನೆ ತಮ್ಮ ಜೊತೆ ಕರೆದೊಯ್ದು ಪಾಠ ಹೇಳಲು ಶುರು ಮಾಡಿದರು. ಅವರ ಪಾಠದ ಬಗ್ಗೆ ಒಂದೇ ಸಂಗತಿ ಹೇಳುತ್ತೇನೆ. ನಾನು ದಾರಿಯಲ್ಲಿ ಕಂಡ ಒಂದಿಷ್ಟು ಹಿಕ್ಕೆಯನ್ನು ಜಿಂಕೆಯದ್ದೆಂದು ನಂಬಿ ಎಲೆಯಲ್ಲಿ ಸುತ್ತಿ ತಂದಿದ್ದೆ. ಗೌಡರು ಅದನ್ನು ಬೆರಳಲ್ಲಿ ಒತ್ತಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿದರು.

"ಗಂಡು ಕಡವಿ," ಎಂದರು. "ಅಗದಿ ಭಾರಿ ಐತಿ. ಸಿಟ್ಟಿನ್ಯಾಗೂ ಐತಿ."

ಮರುದಿನ ಅದೇ ದಾರಿಯಲ್ಲಿ ಊರ ಆಡುಗಳು ಹೋಗುತ್ತಾ ಅದೇ ಹಿಕ್ಕೆ ಉದುರಿಸುತ್ತಿದ್ದವು. ನಾನು ನಾಚಿ ಕಲಿತೆ. ಗೌಡರು ಆ ಸಿಟ್ಟಿನ ಕಡವೆಯ ಕಥೆಯನ್ನು ಒಂದು ತಿಂಗಳು ಹೇಳಿದರು.

ಕಲಿತದ್ದು ಹೀಗೆ, ತಪ್ಪಿ ತಪ್ಪಿಯೇ. ಎಮ್ಮೆಕರುವಿನ ಹೆಜ್ಜೆಯ ಹಿಂದೆ ಒಂದು ಬೆಳಗೆಲ್ಲ ನಡೆದು ಎಮ್ಮೆಕರುವನ್ನೇ ಮುಟ್ಟಿದ್ದೇನೆ. ಆಮೇಲಾಮೇಲೆ ತಿಳಿಯಿತು: ಇಬ್ಬನಿ ಬಿದ್ದ ಮೇಲೆ ಮೂಡಿದ ಹೆಜ್ಜೆಯ ಅಂಚು ಚೂಪಾಗಿರುತ್ತದೆ, ಮೊದಲಿನದರಲ್ಲಿ ಹನಿ ಕೂತಿರುತ್ತದೆ. ಮೊಲ ಕಚ್ಚಿದ ಚಿಗುರು ಕತ್ತರಿಸಿದಂತಿರುತ್ತದೆ. ಕಡವೆಗೆ ದನದ ಹಾಗೆ ಮೇಲೆ ಮುಂದಿನ ಹಲ್ಲಿಲ್ಲ, ಜಗ್ಗಿ ಹರಿಯುತ್ತದೆ, ತುದಿಯಲ್ಲಿ ನಾರು ಉಳಿಯುತ್ತದೆ. ಗಂಡು ಕೊಂಬು ತಿಕ್ಕಿದ ಮರದ ತೊಗಟೆ ಎದೆಯೆತ್ತರಕ್ಕೆ ಸುಲಿದಿರುತ್ತದೆ. ಒಂದು ಬೆಳಿಗ್ಗೆ ಹುಲ್ಲು ಒತ್ತಿ ಮಲಗಿದ ಜಾಗ ಕಂಡು ಅಂಗೈ ಇಟ್ಟೆ. ಬೆಚ್ಚಗಿತ್ತು. ಈ ಸೀಮೆಗೆ ಬಂದ ಮೇಲೆ ನನಗೆ ಸಿಕ್ಕ ಮೊದಲ ಬೆಚ್ಚಗಿನ ಜಾಗ ಅದು. ಇದನ್ನು ಊರಲ್ಲಿ ಹೇಳಿದಾಗ ನೀವು ನಕ್ಕಿರಿ. ನಗಿರಿ. ನಿಮ್ಮ ಚಿಗರಿಯನ್ನು ಕುರುಡರು ಬಿಟ್ಟು ಎಲ್ಲರೂ ನೋಡಬಹುದು.

ಸರಕಾರ ಬೇಟೆ ಬಂದ್ ಮಾಡಿ ವರ್ಷಗಳಾಗಿದ್ದವು. ಗೌಡರ ಬಂದೂಕಿನ ಲೈಸೆನ್ಸು ಭತ್ತದ ಬೆಳೆ ಕಾಯುವುದಕ್ಕೆ. ಬೆಳೆ ಕೊಯ್ದು ಕಣ ಮುಗಿದ ಮೇಲೂ ಅವರು ಕಾಯುತ್ತಲೇ ಇದ್ದರು. ಆ ಚಳಿಗಾಲ ಅವರ ಹೆಂಡತಿಯ ಅಣ್ಣ, ಹುಬ್ಬಳ್ಳಿಯ ಅರಳೆ ದಲಾಲ, ಬೇಟೆ ನೋಡಬೇಕೆಂದು ಜೀಪಿನಲ್ಲಿ ಬಂದಿಳಿದರು. ಅತ್ತರು ಹಚ್ಚಿಕೊಂಡಿದ್ದರು. ಗೌಡರು ದಾರಿಯುದ್ದಕ್ಕೂ ಬೀಡಿ ಸೇದಿದರು. ಇಬ್ಬರೂ ಸೇರಿ ಇಡೀ ಕಾಡಿಗೆ ತಾವು ಬಂದದ್ದನ್ನು ಸಾರಿದ್ದರು. ಅಷ್ಟರ ಮೇಲೂ ಕಡವೆ ಸಿಕ್ಕಿದ್ದು ಗಾಳಿ ನಮ್ಮ ಮುಖಕ್ಕೆ ಬೀಸುತ್ತಿತ್ತೆಂದು ಮತ್ತು ನಾನು ಮುಂದಿದ್ದೆನೆಂದು. ಹೆಮ್ಮೆಯಿತ್ತು; ಯಾಕೆ ಮುಚ್ಚಿಡಲಿ? ಬಂದೂಕಿನವರ ಮುಂದೆ ನಡೆಯುವವನು ಅವರ ಸರಿಸಮ ಎಂದುಕೊಂಡಿದ್ದೆ.

"ಈಗ ಎದ್ದು ಹೋಗೇತ್ರಿ," ಎಂದು ಪಿಸುಗುಟ್ಟಿದೆ, ಹುಲ್ಲು ಮುಟ್ಟಿ. "ಸಾವಕಾಶ ಹೋಗೂಣು."

ಮತ್ತಿ ಮರಗಳ ನಡುವೆ ಅದು ತಿರುಗಿ ನಿಂತಿತ್ತು. ಗೌಡರು ಆತುರದಲ್ಲಿ ಗುರಿ ಹಿಡಿದು ಹೊಡೆದರು. ಕಡವೆ ಜಿಗಿದು ಮರೆಯಾಯಿತು. ಬಿದ್ದ ರಕ್ತ ನೋಡಿದೆ: ಕಪ್ಪು, ಅದರಲ್ಲಿ ಅಗಿದ ಹುಲ್ಲಿನ ಚೂರು. ಅದೇ ವಾಸನೆ, ಹೊಟ್ಟೆಯುಬ್ಬರದ ದನಕ್ಕೆ ಚುಚ್ಚಿದಾಗ ಬರುವಂಥದ್ದು.

"ಹೊಟ್ಟಿಗೆ ಬಿದ್ದೈತ್ರಿ ಗೌಡ್ರ. ಬೆನ್ನು ಹತ್ತಬ್ಯಾಡ್ರಿ. ಸುಮ್ನ ಬಿಟ್ರ ಬಾಜೂಕ ಎಲ್ಲೋ ಮಲಗತೈತಿ."

"ಲೇ, ನೀ ನನಗ ಬ್ಯಾಟಿ ಕಲಸ್ತಿ?" ಎಂದು ಗೌಡರು ಓಡಿದರು. ದಲಾಲರೂ ಓಡಿದರು. ಮುಳ್ಳುಕಂಟಿಯಲ್ಲಿ ಧೋತರ ಹರಿದುಕೊಂಡು, ದಾರಿ ತಪ್ಪಿ, ಏದುಸಿರು ಬಿಡುತ್ತಾ ಮತ್ತೆ ನನ್ನ ಬಳಿಯೇ ಬಂದರು. ಅವರು ತುಳಿದು ಕೆಡಿಸಿದ ನೆಲದಲ್ಲಿ ಎಲೆಯಿಂದ ಎಲೆಗೆ ಹನಿ ಹುಡುಕುತ್ತಾ ಹೋದೆ. ಹಳ್ಳದ ದಂಡೆಯಲ್ಲಿ ಅದು ಬಿದ್ದಿತ್ತು. ಹೆಣ್ಣು. ಉಸಿರಿತ್ತು. ನಮ್ಮನ್ನು ನೋಡಿ ಏಳಲು ಮುಂಗಾಲು ಮಡಿಸಿತು. ಗೌಡರು ಹತ್ತಿರ ನಿಂತು ಇನ್ನೊಂದು ಗುಂಡು ಹೊಡೆದರು. ಈ ಸಲ ತಪ್ಪಲಿಲ್ಲ. ತಪ್ಪಲು ಜಾಗವೇ ಇರಲಿಲ್ಲ. ನನ್ನ ಹೆಮ್ಮೆ ಅಲ್ಲಿಗೇ ಇಳಿದುಹೋಯಿತು.

ಗೌಡರು ಸೊಂಟದಿಂದ ಚೂರಿ ತೆಗೆದು, ಹಿಡಿಕೆ ನನ್ನ ಕಡೆ ಮಾಡಿ ಚಾಚಿದರು. "ತಗೊ. ಸುಲಿ."

"ನನಗ ಬರಂಗಿಲ್ರಿ."

"ಬರಂಗಿಲ್ಲ ಅಂದ್ರ? ನಿಮ್ಮ ಮಂದಿಗೆ ಇದನ್ನ ಕಲಸಬೇಕೇನು? ಮತ್ತ ಖೋಲಿ ಯಾಕ ಕೊಟ್ಟೆ ಅಂದ್ಕೊಂಡಿ?"

ಇಲ್ಲಿ ಒಂದು ಮಾತು ಹೇಳಬೇಕು. ನಿಮ್ಮಲ್ಲಿ ಕೆಲವರಿಗೆ ಇದು ಗೊತ್ತು, ಗೊತ್ತಿಲ್ಲದಂತೆ ಇರುತ್ತೀರಿ. ನಮ್ಮೂರಲ್ಲಿ ಯಾರ ದನ ಸತ್ತರೂ ಎಳೆದೊಯ್ಯಲು ಕರೆ ಬರುತ್ತಿದ್ದದ್ದು ನಮ್ಮಜ್ಜನ ಮನೆಗೆ. ಅಪ್ಪ ಹರೆಯದಲ್ಲಿ ಬೌದ್ಧ ಧಮ್ಮ ಸ್ವೀಕರಿಸಿದ ಮೇಲೆ ಸುಲಿಯುವ ಕತ್ತಿಯನ್ನು ಕೆರೆಗೆ ಎಸೆದು ಬಂದ. ಊರು ಅವನಿಗೆ ಹೊಲದ ಕೆಲಸ ಕೊಡುವುದನ್ನು ನಿಲ್ಲಿಸಿತು. ರೈಲು ಹಳಿಯ ಮೇಲೆ ಕಲ್ಲು ಹೊತ್ತು ನನ್ನನ್ನು ಓದಿಸಿದ. ದನದ ಆಸ್ಪತ್ರೆಯ ನೌಕರಿಗೂ ಒಪ್ಪಿದ್ದು, ಅಲ್ಲಿ ಮುಟ್ಟುವುದು ಜೀವ ಇರುವ ದನ ಎಂದು.

"ಸತ್ತ ದನ ಮುಟ್ಟಂಗಿಲ್ಲಂತ ನಮ್ಮಪ್ಪ ಆಣಿ ಮಾಡ್ಯಾನ್ರಿ," ಎಂದೆ. "ನಾನೂ ಮುಟ್ಟಂಗಿಲ್ಲ."

"ದನ ಅಲ್ಲೋ ಇದು, ಕಡವಿ," ಎಂದರು ಗೌಡರು, ಪೆದ್ದನಿಗೆ ತಿಳಿಹೇಳುವ ದನಿಯಲ್ಲಿ.

ದಲಾಲರು ನಕ್ಕರು. ನಾನು ಚೂರಿ ತೆಗೆದುಕೊಂಡು ಪಕ್ಕದ ಬಂಡೆಯ ಮೇಲಿಟ್ಟು, ಹಳ್ಳ ದಾಟಿ ಆಚೆಯ ದಿಬ್ಬದ ಮೇಲೆ ಕೂತೆ. ಕೂಗಿದರು, ಬೈದರು, ಕೊನೆಗೆ ಬೇಡಿಕೊಂಡರು. ಆಮೇಲೆ ತಾವೇ ಕೈ ಹಚ್ಚಿದರು. ಇಷ್ಟು ವರ್ಷ ಬೇಟೆಯ ಮಾತಾಡಿದ ಮನುಷ್ಯನಿಗೆ ಎಲ್ಲಿಂದ ಸೀಳಬೇಕೆಂಬುದೇ ಗೊತ್ತಿರಲಿಲ್ಲ. ಮೊದಲೇ ಒಡೆದ ಹೊಟ್ಟೆಗೆ ಮತ್ತೆ ಚೂರಿ ಹಾಕಿದರು. ಒಳಗಿದ್ದದ್ದೆಲ್ಲ ಮಾಂಸದ ಮೇಲೆ, ಮೊಣಕೈವರೆಗೆ, ಮುಖಕ್ಕೂ ಹಾರಿತು. ದಲಾಲರು ಮರ ಹಿಡಿದು ವಾಂತಿ ಮಾಡಿಕೊಂಡರು. ಕೊನೆಗೆ ಹಿಂದಿನ ಒಂದು ತೊಡೆಯನ್ನು ಕೊಯ್ದು ಜಜ್ಜಿ ಹೇಗೋ ಬೇರ್ಪಡಿಸಿ, ಉಳಿದದ್ದನ್ನು ಅಲ್ಲೇ ಬಿಟ್ಟು ಹೋದರು. ಅವರು ಮರೆಯಾಗುವ ಮುನ್ನವೇ ರಣಹದ್ದುಗಳು ಇಳಿದವು. ಅವು ತಮ್ಮ ಕೆಲಸವನ್ನು ಎಷ್ಟೋ ಚೊಕ್ಕವಾಗಿ ಮಾಡಿದವು.

ನಾನು ಊರು ಮುಟ್ಟುವಷ್ಟರಲ್ಲಿ ನನ್ನ ಟ್ರಂಕು, ಹಾಸಿಗೆ ಕೊಟ್ಟಿಗೆಯ ಹೊರಗಿದ್ದವು. "ಖೋಲಿ ರಿಪೇರಿ ಮಾಡಸಬೇಕು," ಎಂದರು ಗೌಡರು. ಮೈಯಿಂದ ಇನ್ನೂ ವಾಸನೆ ಹೊಡೆಯುತ್ತಿತ್ತು.

ಆಮೇಲೆ ಕಲಘಟಗಿಯಲ್ಲಿ ಖೋಲಿ ಸಿಕ್ಕಿತು. ಬಣ್ಣದ ತೊಟ್ಟಿಲು ಮಾಡುವ ಮನೆ. ಗಂಡ ಸತ್ತ ಮೇಲೆ ಗಂಗವ್ವ ಎಂಬಾಕೆ ತಾನೇ ಕೂತು ಬಣ್ಣ ಹಚ್ಚುತ್ತಿದ್ದಳು. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ, ಯಾರು, ಎಲ್ಲಿಯವನು, ಅದಕ್ಕಿಂತ ಮೊದಲು ಯಾರು ಎಂಬುದನ್ನೂ. ಆಕೆ ತೊಟ್ಟಿಲಿನಿಂದ ಕುಂಚ ಎತ್ತಲಿಲ್ಲ.

"ಇಷ್ಟೆಲ್ಲಾ ಯಾಕ ಹೇಳ್ತೀರಿ? ಬೀಡಿ ಸೇದ್ತೀರೇನು? ಮನಿ ತುಂಬ ಅರಗು ಐತಿ, ಬೆಂಕಿ ಹತ್ತತೈತಿ."

"ಇಲ್ರಿ."

"ಹಂಗಾರ ಬರ್ರಿ."

ಅಲ್ಲಿಂದ ಆಸ್ಪತ್ರೆಗೆ ದಿನವೂ ಬಸ್ಸು. ಬೇಸಿಗೆಯಲ್ಲಿ ಶಂಕರಗೌಡರ ಎಮ್ಮೆಗೆ ಈಯಲಾಗದೆ ಕರು ಅಡ್ಡ ಸಿಕ್ಕಿಕೊಂಡಿತು. ಡಾಕ್ಟರು ರಜೆಯ ಮೇಲಿದ್ದರು. ಗೌಡರೇ ಆಸ್ಪತ್ರೆಯ ಬಾಗಿಲಿಗೆ ಬಂದು, "ಕಂಪೌಂಡರ್ ಸಾಹೇಬ್ರ, ಸ್ವಲ್ಪ ಬರ್ರಿ," ಎಂದರು. ನನ್ನ ಹೆಸರಿಗೆ ಈ ಸಾಹೇಬರು, ಈ 'ರಿ' ಅಂಟಿದ್ದು ಒಂದು ಎಮ್ಮೆಯ ದಯೆಯಿಂದ. ಹೋದೆ. ಕರು ಉಳಿಯಿತು, ಎಮ್ಮೆಯೂ ಉಳಿಯಿತು. ಚಹಾ ಹೊರಗೆ ಕಟ್ಟೆಗೆ ಬಂತು, ಕಿವಿ ಮುರಿದ ಕಪ್ಪಿನಲ್ಲಿ. ಕುಡಿಯದೆ ಎದ್ದೆ.

ಕಾಡಿಗೆ ಹೋಗುವುದನ್ನು ಬಿಡಲಿಲ್ಲ. ಬಂದೂಕಿನವರಿಲ್ಲದ ಕಾಡು ಹೆಚ್ಚು ಮಾತಾಡುತ್ತದೆ. ಒಮ್ಮೆ ಅಪ್ಪ ನನ್ನನ್ನು ನೋಡಲು ಬಂದ. ಅವನಿಗೂ ಮರಗಳು ಸೇರಲಿಲ್ಲ. ಹೆಗಲ ಮೇಲಿನ ವಸ್ತ್ರ ಬಿಗಿಹಿಡಿದು ನಡೆದ. ಹಳ್ಳದ ಹಸಿ ಮಣ್ಣಿನಲ್ಲಿ ಕಡವೆಯ ಹೆಜ್ಜೆ ತೋರಿಸಿ, ಇದು ಇಂದು ಬೆಳಗಿನದು, ನೀರು ಕುಡಿದು ಮೇಲೆ ಹತ್ತಿದೆ ಎಂದೆಲ್ಲ ಹೇಳಿದೆ. ಅಪ್ಪ ಕುಕ್ಕರಗಾಲಲ್ಲಿ ಕೂತು ನೋಡಿದ.

"ಬಾಜೂಕ ಮರಿ ಐತಿ," ಎಂದ. "ಅದು ಇನ್ನೂ ತಾಯಿ ಹೆಜ್ಜಿ ಮ್ಯಾಲ ಹೆಜ್ಜಿ ಇಡತೈತಿ, ನೋಡು."

ನನಗೆ ಅದು ಕಂಡಿರಲಿಲ್ಲ. "ನಿನಗ ಹೆಂಗ ಗೊತ್ತು?"

"ನಮ್ಮಪ್ಪ ಕಲಿಸಿದ್ದ. ಚಿಗರಿ ಹೆಜ್ಜಿ ಓದತಿದ್ದ ಅಂವ."

"ಮತ್ತ ನನಗ ಯಾಕ ಕಲಸಲಿಲ್ಲ?"

ಅಪ್ಪ ಎದ್ದು ಮೊಣಕಾಲು ಜಾಡಿಸಿಕೊಂಡ. "ಬಿಡೂ ಹೊತ್ತಿನ್ಯಾಗ ಯಾವುದು ಇಟ್ಕೋಬೇಕು, ಯಾವುದು ಒಗೀಬೇಕಂತ ಆರಿಸಿಕೋತ ಕುಂದರಾಕ ಆಗಂಗಿಲ್ಲ ತಮ್ಮಾ. ಎಲ್ಲಾ ಕೆರಿಗೆ ಒಗದೆ." ಸ್ವಲ್ಪ ಮುಂದೆ ನಡೆದು, "ಬದಲಿ ಮಾಡಿಸ್ಕೊಂಡು ಊರಿಗೆ ಬಂದಬಿಡು. ಇಲ್ಲೇನೈತಿ ನಿಂದು?" ಎಂದ. ಹೂಂ ಎಂದೆ.

ನಮ್ಮೂರೇನು ನನಗಾಗಿ ಬಾಗಿಲು ತೆರೆದು ಕೂತಿಲ್ಲ, ಗೊತ್ತಿದೆ. ನಾನು ಕಡವೆ ಸುಲಿಯಲಿಲ್ಲವೆಂಬ ಸುದ್ದಿ ತಿಳಿದು ನೀವು ಬೆನ್ನು ತಟ್ಟಿದಿರಿ; ಅಪ್ಪ ಕತ್ತಿ ಎಸೆದಾಗ ಕೆಲಸ ಕೊಡದೆ ಕೂರಿಸಿದವರೂ ತಟ್ಟಿದಿರಿ. ಕಾಡಂಚಿನ ಗೌಡರ ಸೊಕ್ಕು ನಿಮಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ, ಅಷ್ಟು ದೂರದಿಂದ.

ಮೊನ್ನೆ ಡಾಕ್ಟರ್ ಸಾಹೇಬರು ಕರೆದು, ನವಲಗುಂದದಲ್ಲಿ ಕಂಪೌಂಡರ್ ಜಾಗ ಖಾಲಿಯಾಗಿದೆ, ನಿನ್ನ ಹೆಸರು ಬರೆಯಲೇ ಎಂದು ಕೇಳಿದರು. ಇದಕ್ಕಾಗಿಯೇ ನಾನು ಎಷ್ಟು ಸಲ ಅವರ ಬಾಗಿಲಲ್ಲಿ ನಿಂತಿದ್ದೆ. ಬಾಯಿ ತೆರೆದೆ. "ಈ ಸುಗ್ಗಿ ಒಂದು ಮುಗೀಲಿ ಸರ್," ಎಂದೆ.

ಸಾಹೇಬರು ತಲೆಯಾಡಿಸಿ ಮುಂದಿನ ಕೆಲಸಕ್ಕೆ ತೊಡಗಿದರು. ನಾನು ಹೊರಗೆ ಬಂದ ಮೇಲೆ ನೆನಪಾಯಿತು, ಸುಗ್ಗಿ ಮಾಡಲು ನನಗೆ ಇಲ್ಲಿ ಹೊಲವಿಲ್ಲ. ಅಲ್ಲೂ ಇಲ್ಲ.