ಬಾಯ್ಲರಿನ ಹಿಡಿಗೆ ಕಟ್ಟಿದ ದಾರ

ಗೋಡೆಯೊಳಗೆ ಯಾರೋ ಬಡಿಯುತ್ತಿದ್ದಾರೆ ಎಂದು ಫೋನು ಬಂದಾಗ ನಾನು ನಕ್ಕುಬಿಟ್ಟೆ. ಆ ನಗು ನೆನಪಾದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹೊನ್ನಾಳಿಯ ಅಕ್ಕಿ ಗಿರಣಿಯೊಂದರಲ್ಲಿ ಭತ್ತ ಬೇಯಿಸುವ ಬಾಯ್ಲರನ್ನು ಬಹಳ ವರ್ಷ ನೋಡಿಕೊಂಡವನು ನಾನು. ಗಿರಣಿ ಬಿಟ್ಟ ಮೇಲೂ ಸುತ್ತಮುತ್ತ ಹಬೆಯ ಸಾಮಾನು ಏನು ಕೆಟ್ಟರೂ ನನಗೇ ಫೋನು. ಅವತ್ತು ಮಾಡಿದವನು ಗೋವಿನಕೋವಿಯವನು. ಹಿತ್ತಲಲ್ಲಿ ಸಣ್ಣದೊಂದು ಸೌದೆ ಬಾಯ್ಲರ್ ಇಟ್ಟುಕೊಂಡು, ಬೆಳಗ್ಗೆ ಇಡ್ಲಿ ಬೇಯಿಸಿ ನ್ಯಾಮತಿಯ ಹೋಟೆಲುಗಳಿಗೆ ಬೈಕಿನಲ್ಲಿ ಕೊಟ್ಟುಬರುತ್ತಿದ್ದ. ಅವನ ತಂಗಿ ಹೆರಿಗೆಗೆ ತವರಿಗೆ ಬಂದಿದ್ದಳು, ಹೆತ್ತು ಐದು ದಿನವಾಗಿತ್ತು. ಮಾಗಿಯ ಚಳಿ ಬೇರೆ. ಕೋಣೆಯಲ್ಲಿ ಕೆಂಡ ಇಟ್ಟರೆ ಹೊಗೆಗೆ ಕೂಸು ಕೆಮ್ಮುತ್ತದೆಂದು, ವೆಲ್ಡಿಂಗ್ ಮಾಡುವ ಒಬ್ಬನನ್ನು ಹಿಡಿದು ಬಾಯ್ಲರಿನಿಂದ ಪೈಪು ಎಳೆಸಿ ಬಾಣಂತಿ ಕೋಣೆಯ ಗೋಡೆಗುಂಟ ಹಾಯಿಸಿದ್ದ. ಹಬೆ ಹರಿದರೆ ಕೋಣೆ ಬೆಚ್ಚಗಾಗುತ್ತಿತ್ತು. ತಲೆ ಓಡಿಸಿದ್ದ, ಇಲ್ಲ ಅನ್ನಲಾರೆ. ಓಡಿಸಿದ್ದು ಅರ್ಧ ದಾರಿ ಮಾತ್ರ.

"ಅಣ್ಣಾ, ಪೈಪಿನಾಗೆ ಯಾರೋ ಸುತ್ತಿಗೆ ತಗಂಡು ಹೊಡ್ದಂಗೆ ಆಗ್ತೈತೆ. ಕೂಸು ಬೆಚ್ಚಿ ಬೀಳ್ತೈತೆ. ನಮ್ಮವ್ವ ಅಂತೂ ಏನೋ ಗಾಳಿ ಸೇರ್ಕಂಡೈತೆ ಅಂತಾಳೆ," ಎಂದ.

"ಗಾಳಿನೂ ಇಲ್ಲ, ಗ್ರಹಾನೂ ಇಲ್ಲ ಮಾರಾಯ. ಪೈಪು ನಡೂಕೆ ಜೋತು ಬಿದ್ದಿರ್ತೈತೆ. ಅಲ್ಲಿ ನೀರು ನಿಂತು, ಹಬೆ ಬಂದು ಅದನ್ನ ಒದೀತೈತೆ. ಸೋಮವಾರ ಬರ್ತೀನಿ ಬಿಡು," ಎಂದೆ.

ಅವತ್ತು ಗುರುವಾರ. ಅಲ್ಲಿಯ ತನಕ ಬೆಂಕಿ ಹಾಕಬೇಡ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಜಗಳೂರಿಗೆ ನೆಂಟರ ಮನೆಗೆ ಹೋದೆ, ಹೋಳಿಗೆ ತಿಂದೆ, ನಾಲ್ಕು ದಿನ ಆ ಪೈಪಿನ ನೆನಪೇ ಬರಲಿಲ್ಲ.

ಸೋಮವಾರ ಹತ್ತು ಗಂಟೆಗೆ ಅವರ ಮನೆ ಮುಂದೆ ಗಾಡಿ ನಿಲ್ಲಿಸಿದೆ. ಇಡ್ಲಿ ಹೋಗಿಯಾಗಿತ್ತು. ಅಂಥ ಹೊತ್ತಿನಲ್ಲಿ ಕೋಣೆಯ ಬಿಸಿಗೆಂದು ಒಲೆ ಉರಿಯುತ್ತಿದ್ದರೆ ಬಾಯ್ಲರು ಸುಯ್ ಎಂದು ಆಗಾಗ ಹಬೆ ಬಿಡಬೇಕು. ಒತ್ತಡ ಮೀರಿದರೆ ತಾನಾಗಿ ಎದ್ದು ಹಬೆ ಹೊರಗೆ ಹಾಕಲೆಂದೇ ಅದರ ನೆತ್ತಿಯ ಮೇಲೆ ಒಂದು ಕಬ್ಬಿಣದ ಹಿಡಿ ಇರುತ್ತದೆ, ತುದಿಗೊಂದು ಗುಂಡು. ನನ್ನ ಕಿವಿ ಆ ಸದ್ದನ್ನೇ ಹುಡುಕಿತು. ಹಿತ್ತಲಿನಲ್ಲಿ ಸದ್ದೇ ಇರಲಿಲ್ಲ. ಗೋಡೆಯ ಆಚೆಯಿಂದ ಮಾತ್ರ ಢಣ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಢಣ್.

ಹತ್ತಿರ ಹೋಗಿ ನೋಡಿದೆ. ಒಲೆ ತುಂಬ ಬೆಂಕಿ. ಮೀಟರಿನ ಮುಳ್ಳು ಕೆಂಪು ಗೆರೆ ದಾಟಿ, ಇನ್ನು ಮುಂದೆ ಹೋಗಲು ಜಾಗವಿಲ್ಲದೆ ಮೊಳೆಗೆ ಒರಗಿ ನಿಂತಿತ್ತು. ನೆತ್ತಿಯ ಹಿಡಿಗೆ ಅರಿಶಿನದ ಕೊಂಬು ಪೋಣಿಸಿದ ಕೆಂಪು ದಾರ. ದಾರದ ಮೇಲೆ ಕಟ್ಟಡದ ಕಂಬಿಗೆ ಬಿಗಿಯುವಂಥ ತಂತಿ, ನಾಲ್ಕು ಸುತ್ತು, ಕೆಳಗಿನ ಕೊಳವೆಗೆ ಸೇರಿಸಿ ಇಕ್ಕಳದಲ್ಲಿ ತಿರುಚಿ ಬಿಗಿದದ್ದು. ಆ ಬಾಯ್ಲರಿಗೂ ಬಾಣಂತಿಯ ಮಂಚಕ್ಕೂ ನಡುವೆ ಇದ್ದದ್ದು ಒಂದೇ ಇಟ್ಟಿಗೆಯ ಗೋಡೆ.

"ಕೂಸು ಎಲ್ಲೈತೆ?"

"ಒಳಗೈತಣ್ಣ, ತಂಗೀನೂ ಮಲಗ್ಯಾಳೆ," ಎಂದ ಹಿಂದೆ ಬಂದು ನಿಂತಿದ್ದ ಆ ಇಡ್ಲಿಯವನು. ನನ್ನ ಮುಖ ನೋಡಿ ಅವನೂ ಹೆದರಿದ. ಒಲೆಗೆ ಸುರಿಯಲು ನೀರಿನ ಬಕೆಟ್ ಎತ್ತಿದ.

"ಇಡೋ ಕೆಳಗೆ! ಕಾದ ಕಬ್ಬಿಣ ಸೀಳ್ತೈತೆ! ಒಂದು ಹನಿ ನೀರು ಬಿದ್ರೂ ನಿನ್ ಕೈ ಮುರೀತೀನಿ! ಮೊದ್ಲು ಅವ್ರನ್ನ ಹೊರಗೆ ಕರ್ಕಂಡು ಹೋಗು!"

ಒಳಗೆ ಅವನ ತಾಯಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಬಾಣಂತಿ ಹನ್ನೊಂದು ದಿನ ಹೊಸ್ತಿಲು ದಾಟಬಾರದು, ಈ ಚಳಿಗೆ ಸನ್ನಿ ಹಿಡಿಯುತ್ತದೆ, ಕೂಸಿಗೆ ಕಣ್ಣು ಬೀಳುತ್ತದೆ ಎಂದು ಅವಳ ಹಟ. ಮಗ ಅಂಗಲಾಚುತ್ತಿದ್ದ. ನಾನು ಹಿತ್ತಲ ಬಾಗಿಲಿಂದಲೇ ಅರಚಿದೆ, ಏನು ಅರಚಿದೆನೋ, ಹೆಣ್ಣುಮಕ್ಕಳ ಮುಂದೆ ಆಡುವ ಮಾತಂತೂ ಅಲ್ಲ. ಆಗ ಗೋಡೆ ಮತ್ತೆ ಢಣ್ ಎಂದಿತು, ಸುಣ್ಣದ ಹಕ್ಕಳೆ ಉದುರಿತು. ತಲೆಗೆ ಬಟ್ಟೆ ಸುತ್ತಿಕೊಂಡಿದ್ದ ಆ ಬಾಣಂತಿ ಹುಡುಗಿಯೇ ಎದ್ದಳು. ಕೂಸನ್ನು ಎದೆಗೆ ಅವಚಿಕೊಂಡು, "ಸರಿಯವ್ವ ಅತ್ಲಾಗೆ," ಎಂದು ತಾಯಿಯನ್ನು ಭುಜದಿಂದ ತಳ್ಳಿ, ಬರಿಗಾಲಲ್ಲಿ ಬೀದಿಗೆ ನಡೆದುಬಿಟ್ಟಳು.

ನಾನು ತಂತಿ ಮುಟ್ಟಲಿಲ್ಲ. ಅಷ್ಟು ಒತ್ತಡದಲ್ಲಿ ಹಿಡಿಯನ್ನು ಒಮ್ಮೆಗೇ ಬಿಟ್ಟರೆ ಒಳಗಿನ ನೀರೆಲ್ಲ ಒಟ್ಟಿಗೆ ಉಕ್ಕೆದ್ದು ಬಾಯ್ಲರೇ ಸಿಡಿಯಬಹುದೆಂದು ನನಗೆ ಗೊತ್ತು. ಕೆಂಡವನ್ನೆಲ್ಲ ಗುದ್ದಲಿಯಲ್ಲಿ ಅಂಗಳಕ್ಕೆ ಎಳೆದು ಹಾಕಿದೆ. ಇಡ್ಲಿಗೆ ಹಬೆ ಹೋಗುವ ನಲ್ಲಿಯನ್ನು ಕೂದಲೆಳೆಯಷ್ಟು ತಿರುಗಿಸಿದೆ, ತಡೆದೆ, ಮತ್ತಷ್ಟು ತಿರುಗಿಸಿದೆ. ಮುಳ್ಳು ಅಲುಗಲಿಲ್ಲ. ಓಡಿಹೋಗೋಣ ಅನ್ನಿಸಿತು, ಸುಳ್ಳೇಕೆ ಹೇಳಲಿ. ಕಾಲು ಗಂಟೆಯ ಮೇಲೆ ಅದು ಮೊಳೆ ಬಿಟ್ಟು ಕೆಳಗಿಳಿಯತೊಡಗಿತು. ಅದು ಸೊನ್ನೆಗೆ ಬರುವ ತನಕ ನಾನು ನಲ್ಲಿಯಿಂದ ಕೈ ತೆಗೆಯಲಿಲ್ಲ.

ಮಧ್ಯಾಹ್ನವೆಲ್ಲ ಕೆಲಸ. ಪೈಪು ನಾನಂದಂತೆಯೇ ನಡುವೆ ಜೋತುಬಿದ್ದಿತ್ತು, ತುದಿಗೆ ಬಿರಡೆ ಜಡಿದಿದ್ದ ಆ ವೆಲ್ಡಿಂಗಿನ ಪುಣ್ಯಾತ್ಮ. ಹಬೆ ತಣಿದು ಆದ ನೀರಿಗೆ ಹೊರಬರಲು ದಾರಿಯೇ ಇಲ್ಲ. ಅದನ್ನು ಕೋಣೆಯಿಂದ ಕಿತ್ತೇ ಹಾಕಿದೆ, ಬಾಯ್ಲರಿನ ಕಡೆಯ ಬಾಯಿ ಮುಚ್ಚಿದೆ. ಹಿಡಿಯ ತಂತಿ ಕತ್ತರಿಸಿ, ದಾರವನ್ನು ಜೇಬಿಗೆ ಹಾಕಿಕೊಂಡು, ಹಿಡಿಯನ್ನು ಬಿಚ್ಚಿ ತೊಳೆದು, ಬೀದಿಯ ಕಡೆಗೆ ಎಲ್ಲರನ್ನೂ ಕಳಿಸಿ ಬೆಂಕಿ ಹಾಕಿ ನೋಡಿದೆ. ಸುಯ್ ಎಂದು ಎದ್ದಿತು. ಆ ಸದ್ದಿಗೆ ಕಣ್ಣಲ್ಲಿ ನೀರು ಬಂತು.

ಸಂಜೆ ಟೀ ತಂದವಳು ಆ ತಾಯಿ. ನನಗೆ ಸಿಟ್ಟು ಇಳಿದಿರಲಿಲ್ಲ. "ಯಾವ ಮುಠ್ಠಾಳ ಹೇಳಿದ್ದು ಅಲ್ಲಿ ಕಟ್ಟಾಕೆ?" ಎಂದೆ.

"ಬಡಿಯೋದು ನಿಲ್ಲಲಿ ಅಂತ ದಾರ ಮಂತ್ರಿಸ್ಕಂಡು ಬಂದು ಕಟ್ಟಿದೆ. ಹಿಡಿ ಎದ್ದೆದ್ದು ದಾರ ಬಿಚ್ಚಿ ಹೋಗ್ತಿತ್ತು, ಅದ್ಕೇ ತಂತಿ ಸುತ್ತಿದೆ," ಎಂದಳು ಮೆಲ್ಲಗೆ. ಆಮೇಲೆ ನನ್ನ ಮುಖವನ್ನೇ ನೋಡಿದಳು. "ನನ್ನ ಗುರ್ತು ಸಿಗ್ಲಿಲ್ಲ ಅಲ್ವೇನ್ರೀ? ಹನ್ನೆರಡು ವರ್ಷ ನಿಮ್ ಗಿರಣಿ ಅಂಗಳದಾಗೆ ಭತ್ತ ಹರವೀನಿ. ಆಯುಧಪೂಜೆ ದಿನ ನೀವೇ ಅಲ್ವಾ ಅರಿಶಿನದ ಕೊಂಬಿನ ದಾರ ತಗಂಡು ಅದೇ ಹಿಡಿಗೆ ಕಟ್ತಿದ್ದದ್ದು? ಇದರ ಜೀವ ಇರಾದೇ ಇಲ್ಲಿ ಅಂತಿದ್ರಿ. ನಾವೆಲ್ಲ ಕೈ ಮುಗೀತಿದ್ವಿ."

ಟೀ ಲೋಟ ಕೆಳಗಿಟ್ಟೆ. ಹೌದು, ಕಟ್ಟುತ್ತಿದ್ದೆ. ಹಾಗೆ ಹೇಳುತ್ತಲೂ ಇದ್ದೆ, ದೊಡ್ಡ ಗಂಟಲಲ್ಲಿ.

"ಅವತ್ತು ಬೆಂಕಿ ಇರ್ತಿರಲಿಲ್ಲ ಕಣಮ್ಮ," ಎಂದೆ. "ರಜಾ ಮುಗಿದ ಮೇಲೆ, ಒಲೆ ಹಚ್ಚಾಕೆ ಮೊದ್ಲು ನಾನೇ ಬಿಚ್ತಿದ್ದೆ."

"ನಮ್ ಬಸ್ಸು ಗಿರಣಿಗೆ ಬರೋ ಹೊತ್ಗೆ ಎಂಟು ಗಂಟೆ ಆಗಿ ಒಲೆ ಹತ್ತಿರ್ತಿತ್ತಲ್ರೀ," ಎಂದಳು. "ಕಟ್ಟಾದು ನೋಡೀವಿ. ಬಿಚ್ಚಾದು ನಾವ್ಯಾರೂ ನೋಡ್ಲಿಲ್ಲ."

ಕೋಣೆಯಲ್ಲಿ ಕೂಸು ಅಳತೊಡಗಿತು. ಅವಳು ಎದ್ದು ಒಳಗೆ ಹೋದಳು. ಕೆಂಪು ದಾರ ಇನ್ನೂ ನನ್ನ ಅಂಗಿಯ ಜೇಬಿನಲ್ಲಿತ್ತು. ಆ ಗಿರಣಿಯ ಅಂಗಳದಲ್ಲಿ ಕೈ ಮುಗಿದು ನಿಲ್ಲುತ್ತಿದ್ದವಳು ಅವಳೊಬ್ಬಳೇ ಅಲ್ಲ.